ಬುಟ್ಟಿಯೊಳಗಿನ ಕೈ

ನನ್ನ ತಮ್ಮ ಗಾಸ್ಪರೆಯ ಬುಟ್ಟಿಯೊಳಗೆ ಇಣುಕಿ ನೋಡಿದವರು ನಮ್ಮೂರಿನ ‘ಬಲ್ಲರೋ’ ಎಂಬ ಮಾರುಕಟ್ಟೆಯಲ್ಲಿ ಒಬ್ಬರೂ ಇಲ್ಲ. ಫ್ರಿತ್ತೊಲಾ ಮಾರುವ ಪದ್ಧತಿಯೇ ಹಾಗೆ. ಕರುವಿನ ಮೂಳೆಗೆ ಅಂಟಿಕೊಂಡು ಉಳಿದ ಚೂರುಪಾರು, ಎಳೆಮೂಳೆ, ಕೊಬ್ಬು ಎಲ್ಲವನ್ನೂ ಬೇಯಿಸಿ, ಹಂದಿಕೊಬ್ಬಿನಲ್ಲಿ ಕೇಸರಿ, ಕಾಳುಮೆಣಸು ಹಾಕಿ ಹುರಿದು, ಬಿಸಿಬಿಸಿಯಾಗಿ ಬುಟ್ಟಿಗೆ ತುಂಬಿ, ಮೇಲೆ ದಪ್ಪ ಬಟ್ಟೆ ಹೊದಿಸಿಕೊಂಡು ಬೀದಿಯಲ್ಲಿ ಕೂರುವುದು. ಗಿರಾಕಿ ಬಂದಾಗ ಬಟ್ಟೆ ತೆಗೆಯುವಂತಿಲ್ಲ. ಮಾರುವವನ ಕೈ ಮಾತ್ರ ಒಳಗೆ ಹೋಗಬೇಕು, ಹಿಡಿದದ್ದನ್ನು ಕಾಗದದ ಮೇಲೆ ಹಾಕಬೇಕು, ನಿಂಬೆ ಹಿಂಡಿ ಕೊಡಬೇಕು. ಕಣ್ಣಿಗೆ ಅಲ್ಲಿ ಕೆಲಸವೇ ಇಲ್ಲ.

ಗಾಸ್ಪರೆಯ ಬಲಗೈ ಆ ಬಟ್ಟೆಯಡಿಯಲ್ಲಿ ಏನನ್ನಾದರೂ ಗುರುತಿಸುತ್ತಿತ್ತು. ಹಲ್ಲಿಲ್ಲದ ಮುದುಕ ಇಗ್ನಾತ್ಸಿಯೊಗೆ ಮೆತ್ತನೆಯದು, ಮೂಟೆ ಹೊರುವ ಹುಡುಗರಿಗೆ ಕಟಕಟ ಎನ್ನುವ ಎಳೆಮೂಳೆ, ಬಸುರಿಯರಿಗೆ ಕೊಬ್ಬು ಕಡಿಮೆ ಇರುವುದು. ಮನೆಯಲ್ಲಿ ಎಷ್ಟೇ ಆರಿಸಿದರೂ ಒಂದೆರಡು ಮೂಳೆಚೂರು ಉಳಿದುಬಿಡುತ್ತವೆ. ಅವು ಬೆರಳಿಗೆ ಸಿಕ್ಕ ತಕ್ಷಣ ಅಲ್ಲೇ ಬಿಟ್ಟು ಬೇರೆಯದನ್ನು ಎತ್ತುತ್ತಿದ್ದ. ನಮ್ಮಪ್ಪನೂ ಹಾಗೆಯೇ ಮಾಡುತ್ತಿದ್ದ. ಹೊಡೆಯುವುದರಲ್ಲೂ ಇಬ್ಬರದೂ ಒಂದೇ ಕೈ.

ನಾವು ಕಾರ್ಮಿನೆ ಇಗರ್ಜಿಯ ಹಿಂದಿನ ಗಲ್ಲಿಯಲ್ಲಿ, ಮೂರನೇ ಮಹಡಿಯಲ್ಲಿ ಇದ್ದೇವೆ. ಗಾಸ್ಪರೆ, ಅವನ ಹೆಂಡತಿ ಅಸುಂತಾ, ಮಗ ಮೆಲ್ಕಿ, ಮಗಳು ಒಲಿವಾ, ಮತ್ತು ಮದುವೆಯಾಗದೆ ಉಳಿದ ಅಕ್ಕ ವೆನೆರಾ, ಅಂದರೆ ನಾನು. ಮನೆ ಅಮ್ಮ ಬಿಟ್ಟುಹೋದದ್ದು, ಅರ್ಧ ಅವನದು, ಅರ್ಧ ನನ್ನದು. ಯಾವ ಅರ್ಧ ಯಾರದೆಂದು ನಾವು ಯಾವತ್ತೂ ಕೇಳಿಕೊಂಡಿರಲಿಲ್ಲ.

ಒಲಿವಾ ಎರಡು ವರ್ಷದಿಂದ ಪರದೇಶದ ಜನರನ್ನು ನಮ್ಮ ಮಾರುಕಟ್ಟೆ ಸುತ್ತಿಸಿ ತಿನ್ನಿಸುವ ಕೆಲಸ ಹಿಡಿದಿದ್ದಳು. ಕಡಲೆಹಿಟ್ಟಿನ ಕರಿದ ಬಿಲ್ಲೆ ಪನೆಲ್ಲೆಯಿಂದ ಶುರು; ಆಮೇಲೆ ಕರುವಿನ ಗುಲ್ಮದ ಮಾಂಸ ತುಂಬಿದ ಬನ್ನು, ಕೆಂಡದ ಮೇಲೆ ಸುಟ್ಟ ಕುರಿಯ ಕರುಳು; ಕೊನೆಗೆ ಅಪ್ಪನ ಬುಟ್ಟಿ. ಆ ಜನ ಕ್ಯಾಮೆರಾ ಹಿಡಿದು ನಿಂತರೆ ಗಾಸ್ಪರೆಗೆ ಹಬ್ಬ. ಮೀಸೆ ತಿರುವಿಕೊಂಡು ಕೈಯನ್ನು ಬಟ್ಟೆಯೊಳಗೆ ಬಿಟ್ಟು ಮೋಡಿಯವನ ಹಾಗೆ ಕಣ್ಣು ಮುಚ್ಚುತ್ತಿದ್ದ.

"ಒಳಗೆ ಏನಿದೆ ಅಂತ ಕೇಳ್ತಿದಾರೆ ಅಪ್ಪಾ," ಎಂದರೆ, "ತಿನ್ನೋಕೆ ಬಂದಿದಾರೋ, ಪಂಚನಾಮೆ ಮಾಡೋಕೆ ಬಂದಿದಾರೋ ಕೇಳು," ಎನ್ನುತ್ತಿದ್ದ. ಒಲಿವಾ ಅದನ್ನು ಬೇರೆ ಏನೋ ಮಾಡಿ ಹೇಳುತ್ತಿದ್ದಳು. ಅವರು ನಗುತ್ತಿದ್ದರು.

ಮಾರ್ಚಿನಲ್ಲಿ ಒಂದು ದಿನ ಹೀಗೆಯೇ ಬಂದಿದ್ದ ಗುಂಪಿನಲ್ಲಿ ಎತ್ತರದ ಹೆಂಗಸೊಬ್ಬಳು ಫ್ರಿತ್ತೊಲಾ ಬಾಯಿಗೆ ಹಾಕಿಕೊಂಡವಳೇ ಚೀರಿದಳು. ಕಾಗದದ ಮೇಲೆ ಉಗಿದಾಗ ರಕ್ತ, ಅರ್ಧ ಹಲ್ಲು, ಚೂಪು ಮೂಳೆಯೊಂದು ಬಿದ್ದವು. ನಾನು ಆಗ ಎದುರಿನ ಅಂಗಡಿಯಲ್ಲಿ ಈರುಳ್ಳಿ ಆರಿಸುತ್ತಿದ್ದೆ. ಅದೇ ಹೊತ್ತಿಗೆ ಮೆಲ್ಕಿ ಮನೆಯಿಂದ ಎರಡನೇ ಪಾತ್ರೆ ಹೊತ್ತು ತಂದ. ಮೂಳೆ ಆರಿಸುವ ಕೆಲಸ ಅವನದು. ಗಾಸ್ಪರೆ ಎದ್ದು ನಿಂತ. ಮಗ ಪಾತ್ರೆ ಕೆಳಗಿಡುವವರೆಗೂ ಕಾದ, ಯಾಕೆಂದರೆ ಪಾತ್ರೆಯಲ್ಲಿ ಮಾಲಿತ್ತು. ಆಮೇಲೆ ಕಿವಿಯ ಮೇಲೆ ಬಾರಿಸಿದ.

ಅಂಥ ಸದ್ದು ನಾನು ಕೇಳಿರಲಿಲ್ಲ. ಇಪ್ಪತ್ತಾರು ವರ್ಷದ ಗಂಡಸು ಪಕ್ಕದ ಮೀನಂಗಡಿಯ ಮಂಜುಗಡ್ಡೆಯ ಮೇಲೆ ಹೋಗಿ ಬಿದ್ದ. ಎದ್ದಾಗ ಎಡಗಿವಿಯಿಂದ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು.

"ಅಪ್ಪಾ, ಜನ ನೋಡ್ತಿದಾರೆ!" ಎಂದು ಒಲಿವಾ ಅಡ್ಡ ಬಂದಳು.

"ನೋಡ್ಲಿ. ದುಡ್ಡು ಕೊಟ್ಟು ನೋಡೋಕೇ ತಾನೆ ಬಂದಿರೋದು?" ಎಂದು ಅವಳನ್ನೂ ತಳ್ಳಿದ.

ಆ ಸಂಜೆ ಅಸುಂತಾ ಬೀನ್ಸ್ ಸಾರು ಬಡಿಸಿದಳು. ಮೆಲ್ಕಿಯ ಕಿವಿಯಲ್ಲಿ ಹತ್ತಿ ಇತ್ತು. ಕಿವಿಯ ತಮಟೆ ಹರಿದಿದೆಯೆಂದು ಆಸ್ಪತ್ರೆಯಲ್ಲಿ ಹೇಳಿ ಕಳುಹಿಸಿದ್ದರು.

"ನಾನು ಎರಡು ಸಲ ಆರಿಸಿದ್ದೆ," ಎಂದ ಮೆಲ್ಕಿ.

"ಹಾಗಾದ್ರೆ ಮೂಳೆ ಯಾರು ಹಾಕಿದ್ದು? ಸಂತ ಅಂತೋನಿ ಬಂದು ಹಾಕಿದ್ನಾ?"

"ಒಂದೊಂದು ಉಳಿಯತ್ತೆ. ಅದನ್ನ ನೀನು ಹಿಡೀಬೇಕಿತ್ತು. ಯಾವಾಗ್ಲೂ ಹಿಡೀತಿದ್ಯಲ್ಲ?"

ಸಾರಿನ ಬಟ್ಟಲು ಮೆಲ್ಕಿಯ ತಲೆಯ ಪಕ್ಕದಿಂದ ಹೋಗಿ ಗೋಡೆಗೆ ಬಡಿಯಿತು. "ನನ್ನ ಕೈಗೆ ಬೆರಳು ತೋರಿಸ್ತೀಯಾ? ನಾನು ಈ ಬುಟ್ಟೀಲಿ ಕೈ ಇಟ್ಟಾಗ ನೀನು ಹುಟ್ಟೇ ಇರ್ಲಿಲ್ಲ ಕಣೋ, ಬೇವರ್ಸಿ!"

"ಸಾಕು ಬಿಡ್ರೀ," ಎಂದಳು ಅಸುಂತಾ. ಅವಳು ಮೊಣಕಾಲೂರಿ ಬೀನ್ಸ್ ಆಯುತ್ತಿದ್ದಳು. "ಮಕ್ಕಳು ಇನ್ನೂ ಊಟ ಮಾಡಿಲ್ಲ."

ಮೂಳೆ ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ವಾರ ಇಗ್ನಾತ್ಸಿಯೊಗೆ ಸಿಕ್ಕಿತು. ಇದ್ದ ವಸಡನ್ನೂ ಕೊಯ್ದುಕೊಂಡು ಮುದುಕ ಬುಟ್ಟಿಯ ಮುಂದೆ ನಿಂತು, "ಏನಪ್ಪಾ ಗಾಸ್ಪರೆ, ನನಗೆ ಹಲ್ಲು ಬಂದಿದೆ ಅಂತ ಯಾರಾದ್ರೂ ಹೇಳಿದ್ರಾ?" ಎಂದ. ಸುತ್ತ ಇದ್ದವರು ಗೊಳ್ಳೆಂದು ನಕ್ಕರು. ಆ ನಗುವನ್ನೆಲ್ಲ ಗಾಸ್ಪರೆ ಮನೆಗೆ ತಂದು ಮಗನ ಮೇಲೆ ಇಳಿಸಿದ. ಈ ಸಲ ಬೆಲ್ಟು. ಮೆಲ್ಕಿ ಕೈಯೆತ್ತಲಿಲ್ಲ. ಮಾರನೇ ದಿನ ಬಟ್ಟೆಬರೆ ಒಂದು ಚೀಲಕ್ಕೆ ತುಂಬಿಕೊಂಡು, ಅಪ್ಪನ ಎದುರು ಸಾಲಿನಲ್ಲೇ ಕುರಿಯ ಕರುಳು ಸುಡುವ ಸಾಂತೊನ ಬಳಿ ಕೆಲಸಕ್ಕೆ ನಿಂತ. ಮಲಗುವುದೂ ಸಾಂತೊನ ಅಟ್ಟದ ಮೇಲೆ. ಅಪ್ಪ ಮಗ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಬ್ಬರ ಮುಖ ಒಬ್ಬರಿಗೆ ಕಾಣುವ ಹಾಗೆ ಇದ್ದರು, ನಡುವೆ ಹೊಗೆ ಮಾತ್ರ.

ಅಸುಂತಾಳಿಗೆ ಅಂದಿನಿಂದ ಇದ್ದದ್ದು ಒಂದೇ ಚಿಂತೆ: ಮಗ ಮನೆಗೆ ಬರಬೇಕು, ತನ್ನ ಮೇಜಿನಲ್ಲಿ ಕೂತು ಉಣ್ಣಬೇಕು. ಅವನ ತಟ್ಟೆಯನ್ನು ಅವಳು ದಿನವೂ ಇಡುತ್ತಿದ್ದಳು. ಗಾಸ್ಪರೆ ಅದನ್ನು ಎತ್ತಿ ತೊಟ್ಟಿಗೆ ಹಾಕುತ್ತಿದ್ದ. ಅವಳು ತೊಳೆದು ಮತ್ತೆ ಇಡುತ್ತಿದ್ದಳು.

ಮೂಳೆ ಆರಿಸುವ ಕೆಲಸ ನನ್ನ ಮತ್ತು ಅಸುಂತಾಳ ಮೇಲೆ ಬಿತ್ತು. ಕನ್ನಡಕ ಹಾಕಿಕೊಂಡು, ಬೆಂದ ಮಾಂಸವನ್ನು ಹಿಸುಕಿ ಹಿಸುಕಿ ನೋಡುತ್ತಿದ್ದೆವು. ನಮ್ಮ ಬೆರಳಿನ ಚರ್ಮ ಸುಲಿದುಹೋಯಿತು. ಆದರೂ ದೂರು ಬಂತು. ಗಾಸ್ಪರೆ ಸೌಟಿನಿಂದ ಅಸುಂತಾಳ ಭುಜಕ್ಕೆ ಹೊಡೆದ. ಹೊಡೆದ ಜೋರಿಗೆ ಸೌಟಿನ ಹಿಡಿ ಮುರಿಯಿತು.

"ಕಣ್ಣೇನು ಹಿಂದಕ್ಕಿದ್ಯಾ ನಿನಗೆ?"

"ನಾನೂ ಆರಿಸಿದೀನಿ ಕಣೋ," ಎಂದೆ ನಾನು. "ನನಗೂ ಹೊಡಿ."

"ನೀನು ಸುಮ್ನಿರಕ್ಕ."

ಅಕ್ಕನೆಂಬ ಮರ್ಯಾದೆ ಒಂದು ಉಳಿದಿತ್ತು. ಅಸುಂತಾ ತೋಳೆತ್ತಲಾಗದೆ ಎಡಗೈಯಲ್ಲೇ ಒಂದು ವಾರ ಅಡುಗೆ ಮಾಡಿದಳು. ನಾನು ಅವನ ಮೇಲೆ ಬಂದ ಸಿಟ್ಟನ್ನು ನುಂಗಿಕೊಂಡೆ. ತಮ್ಮ ಎಂದರೆ ಎಷ್ಟಾದರೂ ತಮ್ಮನೇ ಎಂದು ಆಗ ಅನ್ನಿಸುತ್ತಿತ್ತು.

ಈಸ್ಟರಿಗೆ ಇನ್ನೊಂದು ವಾರವಿದ್ದ ಭಾನುವಾರ, ಮಧ್ಯಾಹ್ನದ ಊಟಕ್ಕೆ ಅಸುಂತಾ ಬಳೆ ಆಕಾರದ ಪಾಸ್ತಾ ಬೇಯಿಸಿ, ಬಟಾಣಿ, ಖೀಮ ಹಾಕಿ ಟ್ರೇಯಲ್ಲಿಟ್ಟಿದ್ದಳು. ಕಾಫಿ ಪಾತ್ರೆಯನ್ನು ಅದೇ ಈಗ ಒಲೆಯಿಂದ ಇಳಿಸಿದ್ದಳು. ಒಲಿವಾ ಅಪ್ಪನ ಎದುರು ನಿಂತು ಹೇಳಿದಳು, "ನಮ್ಮ ಕಂಪನಿಯವರು ಇನ್ನು ನಿನ್ನ ಬುಟ್ಟಿ ಹತ್ರ ಯಾರನ್ನೂ ಕರ್ಕೊಂಡು ಹೋಗಬೇಡ ಅಂದ್ರು."

"ಯಾರ ಹತ್ರ ಕರ್ಕೊಂಡು ಹೋಗ್ತೀಯ ಹಾಗಾದ್ರೆ?"

"ಸಾಂತೊ ಮಾವನ ಹತ್ರ."

"ಅಂದ್ರೆ ನಿಮ್ಮಣ್ಣನ ಹತ್ರ! ಇಬ್ಬರೂ ಸೇರ್ಕೊಂಡು ಮಸಲತ್ತು ಮಾಡಿದೀರ! ನನ್ನ ಬುಟ್ಟಿಗೆ ಮಣ್ಣು ಹಾಕೋಕೆ..."

ಅವನು ಒಲೆಗೆ ಒರಗಿ ನಿಂತು ಕೂಗಾಡತೊಡಗಿದ. ಅವಳ ಓದು, ಅವಳ ಪ್ಯಾಂಟು, ಅವಳು ಪರದೇಶದವರ ಜೊತೆ ನಗುವುದು, ಒಂದನ್ನೂ ಬಿಡಲಿಲ್ಲ. ನನ್ನ ಮೂಗಿಗೆ ಸುಟ್ಟ ವಾಸನೆ ಬಡಿಯಿತು.

"ಅಸುಂತಾ, ಏನೋ ತಳ ಹಿಡೀತು ನೋಡೇ," ಎಂದೆ.

ಅವಳು ಒಂದೊಂದೇ ಮುಚ್ಚಳ ಎತ್ತಿ ನೋಡಿದಳು. "ಇಲ್ಲ ಅಕ್ಕಾ, ಒಲೆ ಮೇಲೆ ಏನೂ ಇಲ್ಲ."

ಆಗ ಒಲಿವಾ ಕಿರುಚಿದಳು, "ಅಪ್ಪಾ! ಕೈ!"

ಗಾಸ್ಪರೆಯ ಬಲ ಅಂಗೈ ಒಲೆಯ ಕಬ್ಬಿಣದ ಚೌಕಟ್ಟಿನ ಮೇಲಿತ್ತು. ಕಾಫಿ ಕಾಸಿದ ಕಬ್ಬಿಣ ಇನ್ನೂ ಕಾದೇ ಇತ್ತು. ಅವನು ಬಗ್ಗಿ ಕೈಯನ್ನು ನೋಡಿದ, ಯಾರೋ ಮರೆತು ಬಿಟ್ಟುಹೋದದ್ದನ್ನು ನೋಡುವಂತೆ. ಎತ್ತಿದಾಗ ಚರ್ಮ ಕಬ್ಬಿಣಕ್ಕೇ ಅಂಟಿಕೊಂಡು ಉಳಿಯಿತು. ಅವನ ಮುಖದಲ್ಲಿ ನೋವೇ ಇರಲಿಲ್ಲ. ನಾಚಿಕೆ ಇತ್ತು.

"ಎಷ್ಟು ದಿನದಿಂದ ಹೀಗೆ?" ಎಂದು ಡಾಕ್ಟರು ಕೇಳಿದಾಗ ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಕತ್ತಿನಲ್ಲಿ ನರ ಹಿಸುಕಿಕೊಂಡು ಕೈ ಮರಗಟ್ಟಿದೆ, ಆಗಲೇ ಬರಬೇಕಿತ್ತು, ಈಗ ತಡವಾಯಿತು ಎಂದರು. ಮನೆಗೆ ಬಂದ ಮೇಲೆ ನನಗೊಬ್ಬಳಿಗೇ ಹೇಳಿದ, ಕಳೆದ ಬೇಸಿಗೆಯಿಂದ ಬಟ್ಟೆಯೊಳಗೆ ತನ್ನ ಕೈಗೆ ಏನೂ ತಿಳಿಯುತ್ತಿರಲಿಲ್ಲವಂತೆ. ಮೂಳೆಯೋ ಮಾಂಸವೋ, ಬಿಸಿಯೋ ತಣ್ಣಗೋ. ಅಂದಾಜಿನ ಮೇಲೆ ಕೊಡುತ್ತಿದ್ದ. ಒಳಗೆ ಯಾರೂ ನೋಡುವಂತಿಲ್ಲವಲ್ಲ, ಆ ಪದ್ಧತಿಯೇ ಅವನನ್ನು ಕಾಪಾಡಿತ್ತು. "ಬಟ್ಟೆ ತೆಗೆದು ನೋಡ್ಕೊಂಡು ಕೊಟ್ಟಿದ್ರೆ ಜನ ಏನಂತಿದ್ರು ಅಕ್ಕ? ಅಪ್ಪನ ಹೆಸರು ಏನಾಗ್ತಿತ್ತು?" ಎಂದು ಅತ್ತ.

ನಾನು ಅಡುಗೆಮನೆಗೆ ಹೋಗಿ ಅಸುಂತಾಳಿಗೂ ಒಲಿವಾಗೂ ಹೇಳಿದೆ, "ಪಾಪ ಕಣ್ರೇ. ಅವನ ಕೈಗೆ ಸ್ಪರ್ಶಾನೇ ಇರ್ಲಿಲ್ಲ. ಏಟು ಎಷ್ಟು ಜೋರಾಗಿ ಬೀಳ್ತಿತ್ತು ಅಂತ ಅವನಿಗೆ ಗೊತ್ತಾದ್ರೆ ತಾನೆ?"

"ಕೈಗೆ ಗೊತ್ತಾಗ್ಲಿಲ್ಲ ಸರಿ ಅತ್ತೆ," ಎಂದಳು ಒಲಿವಾ. "ಅಣ್ಣನ ಕಿವೀಲಿ ರಕ್ತ ಸುರೀತಿತ್ತು. ಕಣ್ಣೂ ಮರಗಟ್ಟಿತ್ತಾ?"

"ಬಾಯಿ ಮುಚ್ಚೇ," ಎಂದಳು ಅಸುಂತಾ. ಅವಳ ಮುಖ ಎಷ್ಟೋ ದಿನಗಳ ಮೇಲೆ ಅರಳಿತ್ತು. "ಕಾಯಿಲೆ ಅದು. ಮನುಷ್ಯ ಕೆಟ್ಟವನಲ್ಲ. ಮೆಲ್ಕಿಗೆ ಹೇಳಿದ್ರೆ ಅರ್ಥ ಮಾಡ್ಕೊಳ್ತಾನೆ."

ಆ ವಾರವೆಲ್ಲ ಅಸುಂತಾ ಗಂಡನಿಗೆ ತುತ್ತು ಮಾಡಿ ತಿನ್ನಿಸಿದಳು. ಅವನೂ ಮೆತ್ತಗಾಗಿದ್ದ. ಮೇಜಿನ ಮೇಲಿನ ಮಗನ ತಟ್ಟೆಯನ್ನು ಎತ್ತಿ ಎಸೆಯಲಿಲ್ಲ. ಬುಟ್ಟಿ ಮೂಲೆಯಲ್ಲಿ ಕವುಚಿಕೊಂಡಿತ್ತು. ಈಸ್ಟರಿಗೆ ಮುಂಚಿನ ಬುಧವಾರ ಅಸುಂತಾ ಸಾಂತೊನ ಒಲೆಯ ಬಳಿ ಹೋಗಿ ಮಗನಿಗೆ ಎಲ್ಲವನ್ನೂ ಹೇಳಿದಳು. ನಾನೂ ಜೊತೆಗಿದ್ದೆ.

ಮೆಲ್ಕಿ ಕರುಳನ್ನು ಈರುಳ್ಳಿ ಎಲೆಗೆ ಸುತ್ತುತ್ತಾ ಕೇಳಿಸಿಕೊಂಡ, ಬಲಗಿವಿಯನ್ನು ಅಮ್ಮನ ಕಡೆ ತಿರುಗಿಸಿಕೊಂಡು. "ನಾನು ಬುಟ್ಟಿ ಹಿಡೀಬೇಕು, ಅಷ್ಟೇ ತಾನೆ ನಿನಗೆ ಬೇಕಾಗಿರೋದು?"

"ಬುಟ್ಟಿ ಹಾಳಾಗಿ ಹೋಗ್ಲಿ. ನೀನು ಊಟಕ್ಕೆ ಬಾ."

ಅವನು ಸ್ವಲ್ಪ ಹೊತ್ತು ಕೆಂಡ ಕೆದಕಿದ. "ಎಲ್ಲರ ಮುಂದೆ ಹೊಡೆದ. ಎಲ್ಲರ ಮುಂದೆ ಬಂದು ಕರೀಲಿ. ಬರ್ತೀನಿ."

ಮನೆಗೆ ಬಂದು ಹೇಳಿದಾಗ ಗಾಸ್ಪರೆ ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ತಲೆ ಬಗ್ಗಿಸಿ, "ಆಯ್ತು, ಕರೀತೀನಿ," ಎಂದ. ಅಸುಂತಾ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು.

ಶನಿವಾರ ಮಾರುಕಟ್ಟೆ ಕಿಕ್ಕಿರಿದಿತ್ತು. ಈಸ್ಟರಿಗೆ ಕುರಿ ಕೊಳ್ಳುವವರು, ಆರ್ಟಿಚೋಕ್ ಹೊರೆ ಹೊತ್ತವರು. ಒಲಿವಾ ತನ್ನ ಪರದೇಶದ ಗುಂಪಿನೊಂದಿಗೆ ಸಾಂತೊನ ಒಲೆಯ ಬಳಿಯೇ ನಿಂತಿದ್ದಳು. ಸುದ್ದಿ ಮೊದಲೇ ಹರಡಿತ್ತು. ನಾವು ಮೂವರು ಬರುವಾಗ ಮೀನಿನವರು ಕೂಗುವುದನ್ನು ನಿಲ್ಲಿಸಿದರು. ಗಾಸ್ಪರೆ ಬಿಳಿ ಅಂಗಿ ತೊಟ್ಟು, ಬ್ಯಾಂಡೇಜು ಸುತ್ತಿದ ಬಲಗೈಯನ್ನು ಎದೆಗೊತ್ತಿಕೊಂಡು ಸಾಲು ದಾಟಿದ.

ಮೆಲ್ಕಿ ಇಕ್ಕಳ ಹಿಡಿದು ಕೆಂಡದ ಕಡೆ ಬಗ್ಗಿದ್ದ. ಗಾಸ್ಪರೆ ಹೋಗಿ ಅವನ ಎಡಕ್ಕೆ ನಿಂತ.

"ಮಗಾ," ಎಂದ. "ತಪ್ಪಾಯ್ತು. ಮನೆಗೆ ಬಾ."

ಅಂಥ ಮಾತು ಅವನ ಬಾಯಲ್ಲಿ ಬಂದದ್ದನ್ನು ಅವನು ಹುಟ್ಟಿದಾಗಿನಿಂದ ನಾನು ಕೇಳಿರಲಿಲ್ಲ. ಮೆಲ್ಕಿ ತಿರುಗಲಿಲ್ಲ. ಕರುಳನ್ನು ಮಗುಚಿ ಉಪ್ಪು ಎರಚಿದ.

"ಮನೆಗೆ ಬಾ ಅಂದೆ."

ಮೆಲ್ಕಿ ಇನ್ನೊಂದು ಸುತ್ತು ಮಗುಚಿದ. ಹಿಂದಿನಿಂದ ಯಾರೋ, "ರಾಜನಿಗೆ ಪುರುಸೊತ್ತಿಲ್ಲ ಗಾಸ್ಪರೆ ಸಾಹೇಬ್ರೇ, ನಾಳೆ ಬನ್ನಿ," ಎಂದರು. ನಗು ಎದ್ದಿತು.

"ಅವನಿಗೆ ಆ ಕಡೆ ಕೇಳಿಸಲ್ಲ ಕಣೋ!" ಎಂದು ನಾನು ಕೂಗಿದೆ. ಅಷ್ಟರಲ್ಲಿ ಗಾಸ್ಪರೆಯ ಎಡಗೈ ಎದ್ದುಬಿಟ್ಟಿತ್ತು.

ಏಟು ಮೆಲ್ಕಿಯ ಕೆನ್ನೆಗೆ ಬಿತ್ತು. ಅವನು ಒಲೆಯ ಅಂಚಿಗೆ ವಾಲಿದ, ಕೆಂಡ ಚೆಲ್ಲಿತು. ಈಗ ತಿರುಗಿ ಅಪ್ಪನನ್ನು ನೋಡಿದ, ಎಲ್ಲಿಂದ ಬಂದನೆಂಬಂತೆ. ಗಾಸ್ಪರೆ ಎಡಗೈಯನ್ನು ಝಾಡಿಸುತ್ತಿದ್ದ. ಅಂಗೈ ಉರಿದಿತ್ತು. ಅವನ ಮುಖ ಕಿವುಚಿಕೊಂಡಿತು, ಬಾಯಿಂದ "ಹಾ" ಎಂದು ಉಸಿರು ಬಂತು. ಅವನು ಕೈಯನ್ನು ತಿರುಗಿಸಿ ನೋಡಿಕೊಂಡ.

"ಈ ಸಲ ಗೊತ್ತಾಯ್ತಾ ಅಪ್ಪಾ?" ಎಂದು ಕೇಳಿದಳು ಒಲಿವಾ. ಅವಳ ದನಿ ಜೋರಾಗಿರಲಿಲ್ಲ. "ಆ ಕೈಗೆ ಸ್ಪರ್ಶ ಇದೆಯಲ್ಲ?"

ಅಸುಂತಾ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವಳು ಕಾಯುತ್ತಿದ್ದಳು. ನಾನೂ ಕಾಯುತ್ತಿದ್ದೆ. ಅವನು ಆ ಕೈ ಇಳಿಸಿದ್ದರೆ ಸಾಕಿತ್ತು, ನಾವಿಬ್ಬರೂ ಇನ್ನು ಸಾಯುವವರೆಗೆ ಅವನ ಪರವಾಗಿಯೇ ಮಾತಾಡುತ್ತಿದ್ದೆವು.

ಗಾಸ್ಪರೆ ಅದೇ ಕೈಯಿಂದ ಮತ್ತೆ ಹೊಡೆದ, ಮೊದಲಿಗಿಂತ ಜೋರಾಗಿ. ಆಮೇಲೆ ಮುಷ್ಟಿ ಕಟ್ಟಿ ಬಾಯಿಗೆ ಗುದ್ದಿದ.

ಮೆಲ್ಕಿಯ ತುಟಿ ಒಡೆಯಿತು. ಅವನ ಕೈಯಲ್ಲಿ ಕಾದ ಇಕ್ಕಳ ಇತ್ತು, ಅದು ತಲೆಯ ಮಟ್ಟಕ್ಕೆ ಎದ್ದಿತು. ಸಾಂತೊ ಅವನ ಸೊಂಟ ಹಿಡಿದುಕೊಂಡ. ಪರದೇಶದವರು ಚೀರುತ್ತಾ ಹಿಂದೆ ಸರಿದರು. ಅಸುಂತಾ ನಡುವೆ ನುಗ್ಗಿ ಮಗನ ಮಣಿಕಟ್ಟು ಹಿಡಿದಳು.

"ನೀನು ಬೇಡ," ಎಂದಳು. "ನಿನಗೆ ಆ ಪಾಪ ಬೇಡ. ಕೊಡು ಇಲ್ಲಿ."

ಅವನ ಬೆರಳು ಬಿಡಿಸಿ ಇಕ್ಕಳ ತೆಗೆದುಕೊಂಡಳು. ಕೆಳಗಿಡುತ್ತಾಳೆ ಅಂದುಕೊಂಡೆವು. ಗಾಸ್ಪರೆ ಮತ್ತೆ ಕೈಯೆತ್ತಿದ. ಅವಳು ಎರಡೂ ಕೈಯಿಂದ ಇಕ್ಕಳವನ್ನೆತ್ತಿ ಅವನ ಎಡಗೈ ಮಣಿಕಟ್ಟಿನ ಮೇಲೆ ಬೀಸಿದಳು. ಮೂಳೆಯ ಸದ್ದು ಕೇಳಿಸಿತು. ಅವನು ಕುಸಿದು ಕೂತು ಎಳೆಮಗುವಿನಂತೆ ಅರಚಿದ. ಮೂವತ್ತು ವರ್ಷ ಅವಳು ಅವನ ಏಟಿಗೆ ಒಂದು ಸಲವೂ ಹಾಗೆ ಅರಚಿರಲಿಲ್ಲ.

"ನೋವಾಗತ್ತಾ?" ಎಂದು ಕೇಳಿದಳು. ಕೊಂಕಿರಲಿಲ್ಲ, ನಿಜವಾಗಿಯೂ ಕೇಳಿದಳು. ಆಮೇಲೆ ಇಕ್ಕಳವನ್ನು ಸಾಂತೊನ ಕೈಗೆ ಕೊಟ್ಟು, "ಇವರನ್ನ ಆಸ್ಪತ್ರೆಗೆ ಸೇರಿಸು ಸಾಂತೊ," ಎಂದು ಮಗನ ಕೈ ಹಿಡಿದು ಹೊರಟಳು. ಜನ ದಾರಿ ಬಿಟ್ಟರು. ಆಗ ಯಾರೂ ನಗಲಿಲ್ಲ.

ಸಂಜೆ ಮೇಜಿನ ಮೇಲೆ ನಾಲ್ಕು ತಟ್ಟೆ ಇದ್ದವು. ಅಸುಂತಾ ಮೀನು ಹಾಕಿದ ಪಾಸ್ತಾ ಮಾಡಿದ್ದಳು. ಮೆಲ್ಕಿ ತನ್ನ ಹಳೆಯ ಜಾಗದಲ್ಲಿ ಕೂತಿದ್ದ, ತುಟಿ ಊದಿ ಚಮಚ ಒಳಗೆ ಹೋಗುತ್ತಿರಲಿಲ್ಲ. ಒಲಿವಾ ಅವನಿಗೆ ಪಾಸ್ತಾ ಚಿಕ್ಕದಾಗಿ ಕತ್ತರಿಸಿ ಕೊಟ್ಟಳು. ನಾಳೆ ಈಸ್ಟರ್, ಯಾರಿಗೂ ಅದರ ನೆನಪಿರಲಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅದು ಯಾರ ಹೆಜ್ಜೆಯೆಂದು ನಾಲ್ವರಿಗೂ ಗೊತ್ತಿತ್ತು. ಅಸುಂತಾ ನನ್ನನ್ನು ನೋಡಿದಳು. ಏನೂ ಕೇಳಲಿಲ್ಲ, ಅವನು ನನ್ನ ತಮ್ಮ, ಅಮ್ಮ ಸಾಯುವಾಗ ನನ್ನ ಕೈಗಿಟ್ಟು ಹೋದವನು. ನಾನು ಎದ್ದು ಹೋಗಿ ಬಾಗಿಲ ಚಿಲಕ ಹಾಕಿದೆ. ಕೆಳಗಿನದನ್ನೂ ಹಾಕಿದೆ. ಅರ್ಧ ಮನೆ ನನ್ನದಲ್ಲವೇ, ಬಾಗಿಲು ಆ ಅರ್ಧದಲ್ಲಿದೆ ಅಂದುಕೊಂಡೆ.

"ಅಕ್ಕಾ, ತೆಗಿ," ಎಂದ.

ನಾನು ತೆಗೆಯಲಿಲ್ಲ. ಬಾಗಿಲು ಬಡಿಯತೊಡಗಿದ. ಎಡಗೈಗೆ ಕಟ್ಟು ಹಾಕಿದ್ದಾರೆಂದು ಸಾಂತೊ ಹೇಳಿ ಕಳಿಸಿದ್ದ. ಹಾಗಾಗಿ ಬಡಿಯುತ್ತಿದ್ದದ್ದು ಬಲಗೈ, ನೋವು ತಿಳಿಯದ ಕೈ. ಅದು ನಿಲ್ಲಲೇ ಇಲ್ಲ. ಮೇಜಿನ ಮೇಲಿನ ಲೋಟಗಳು ಅಲುಗುತ್ತಿದ್ದವು. ಸ್ವಲ್ಪ ಹೊತ್ತಿಗೆ ಒಣ ಸದ್ದು ಹೋಗಿ ಒದ್ದೆ ಸದ್ದು ಕೇಳತೊಡಗಿತು. ಬ್ಯಾಂಡೇಜು ಬಿಚ್ಚಿ ಗಾಯ ಒಡೆದಿದೆಯೆಂದು ನನಗೆ ಗೊತ್ತಾಯಿತು. ನನ್ನ ಕೈ ಎರಡು ಸಲ ಚಿಲಕದವರೆಗೆ ಹೋಯಿತು.

"ತೆಗೀಬೇಡಿ ಅತ್ತೆ," ಎಂದಳು ಒಲಿವಾ.

ಮೆಲ್ಕಿಯ ಚಮಚ ತಟ್ಟೆಯ ಮೇಲೆ ನಿಂತುಬಿಟ್ಟಿತ್ತು. ಅವನು ಬಾಗಿಲನ್ನೇ ನೋಡುತ್ತಿದ್ದ, ಬಲಗಿವಿ ಆ ಕಡೆಗಿತ್ತು. ಪ್ರತಿ ಏಟಿಗೂ ಅವನ ಹೆಗಲು ಅದುರುತ್ತಿತ್ತು. ಅಸುಂತಾ ಎದ್ದು ಅವನ ಕುರ್ಚಿಯನ್ನು ಅವನ ಸಮೇತ ಎಳೆದು ತಿರುಗಿಸಿದಳು. ಕೇಳಿಸದ ಕಿವಿ ಬಾಗಿಲ ಕಡೆಗೆ ಬಂತು. ತಟ್ಟೆಯನ್ನು ಅವನ ಮುಂದಕ್ಕೆ ಸರಿಸಿ, ಇನ್ನೊಂದು ಕಿವಿಯನ್ನು ತನ್ನ ಅಂಗೈಯಿಂದ ಮುಚ್ಚಿ ಹಿಡಿದು ನಿಂತಳು.

"ತಿನ್ನು ಮಗಾ," ಎಂದು ತುಟಿ ಅಲುಗಿಸಿದಳು. ಅವನು ತಿನ್ನತೊಡಗಿದ.